ಮಂಡಿನೋವಿನವರ ಜೊತೆ ಲಿಸ್ಬನ್: ಹತ್ತೋಕೆ ಬಸ್ಸು, ಇಳಿಯೋಕೆ ಟ್ರಾಮ್ ಹಳಿ

ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬರುತ್ತಾರೆ ಅಂದಾಗ ಯುರೋಪಿನ ಕನ್ನಡಿಗರ ನಡುವೆ ಪ್ಯಾರಿಸ್, ಸ್ವಿಸ್ ಮಾತಾಗುತ್ತೆ. ಲಿಸ್ಬನ್ ಹೆಸರೆತ್ತಿದರೆ ಮಾತ್ರ ಎಲ್ಲರದೂ ಒಂದೇ ರಾಗ: "ಏಳು ಬೆಟ್ಟದ ಊರು ಮಾರಾಯ್ರೇ, ಮಂಡಿನೋವಿನವರನ್ನ ಕರ್ಕೊಂಡು ಹೋಗಬೇಡಿ. ಹೋದರೂ ಟುಕ್‌ಟುಕ್ ಇಲ್ಲದೆ ಆಗಲ್ಲ." ಟುಕ್‌ಟುಕ್ ಅಂದರೆ ನಮ್ಮ ಆಟೋ ಅಲ್ಲ. ಗಂಟೆಗೆ ಅರವತ್ತರಿಂದ ಎಂಬತ್ತು ಯುರೋ ಕೇಳುತ್ತಾರೆ, ಚೌಕಾಸಿ ಮಾಡಿದರೆ ಹತ್ತು ಇಳಿಸಿಯಾರು. ಅದರ ಒಂದೂವರೆ ಗಂಟೆಯ ದುಡ್ಡಿಗೆ ನಾಲ್ಕು ಜನ ಬಸ್ಸು, ಟ್ರಾಮಿನಲ್ಲಿ ಮೂರು ದಿನ ಓಡಾಡಬಹುದು ಅಂತ ನಾನು ಹೇಳಿದಾಗ ನಕ್ಕವರೇ ಈಗ ನನ್ನ ಪ್ಲಾನ್ ಕೇಳಿ ಫಾರ್ವರ್ಡ್ ಮಾಡುತ್ತಿದ್ದಾರೆ. ವೀಸಾ, ವಿಮಾನ, ಇನ್ಶೂರೆನ್ಸ್ ನಿಮಗೆ ಗೊತ್ತಿರುವುದೇ. ಅವುಗಳ ಗೋಜಿಗೆ ಹೋಗುವುದಿಲ್ಲ.

ಎಲ್ಲರೂ ಕೊಡುವ ಸಲಹೆ "ಹತ್ತೋಕೆ ವಾಹನ, ಇಳಿಯೋಕೆ ಕಾಲು" ಅಂತ. ಅದು ಕೋಟೆ ಬೆಟ್ಟದ ಇಳಿಜಾರಿನ ಹಳೇ ಬಡಾವಣೆ ಅಲ್ಫಾಮಾದಲ್ಲೇ ಕೈಕೊಡುತ್ತೆ. ಮಂಡಿ ಸವೆದವರಿಗೆ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಹಿಂಸೆ. ಫೋನಿನ ಮ್ಯಾಪ್ ಹುಡುಕುವುದು ಹತ್ತಿರದ ದಾರಿ, ಲಿಸ್ಬನ್‌ನಲ್ಲಿ ಹತ್ತಿರದ ದಾರಿ ಅಂದರೆ ಮೆಟ್ಟಿಲು. ಹಾಗಾಗಿ ನಾನು ಮಾಡಿದ ತಿದ್ದುಪಡಿ ಇಷ್ಟೇ: ಇಳಿಯುವಾಗ ಮ್ಯಾಪ್ ಮುಚ್ಚಿಟ್ಟು ಟ್ರಾಮ್ ಹಳಿ ಹಿಡಿದು ನಡೆಯುವುದು. ಹಳಿ ಇರುವ ಬೀದಿಯಲ್ಲಿ ಮೆಟ್ಟಿಲು ಇರಲು ಸಾಧ್ಯವಿಲ್ಲ. ಹಳಿ ಸುತ್ತಿ ಬಳಸಿ ಇಳಿಯುತ್ತೆ, ನಡಿಗೆ ಜಾಸ್ತಿ, ಆದರೆ ಒಂದೇ ಹದದ ಇಳಿಜಾರು. ಹಳಿ ಇಲ್ಲದ ಕಡೆ ಬೀದಿ ಹೆಸರು ನೋಡಿ. "ಎಸ್ಕದಾಸ್" ಅಥವಾ "ಎಸ್ಕದಿನ್ಯಾಸ್" ಅಂತಿದ್ದರೆ ಅತ್ತ ಹೋಗಲೇಬೇಡಿ. "ಕಾಲ್ಸಾದಾ" ಅಂತಿದ್ದರೆ ಕಡಿದಾದ ಇಳಿಜಾರು. "ರುವಾ" ಅಂತಿದ್ದರೆ ಸಾಮಾನ್ಯವಾಗಿ ಪರವಾಗಿಲ್ಲ.

ರೂಮಿನ ವಿಷಯದಲ್ಲಿ ಜಿಪುಣತನ ಬೇಡ. ಅಲ್ಫಾಮಾದ ಮನೆಗಳ ಫೋಟೋ ಚಂದ, ಬಾಡಿಗೆಯೂ ಕಡಿಮೆ. ಆದರೆ ಟ್ಯಾಕ್ಸಿ ಬಾಗಿಲ ತನಕ ಬರುವುದಿಲ್ಲ, ಸೂಟ್‌ಕೇಸ್ ಎತ್ತಿಕೊಂಡು ಮೆಟ್ಟಿಲು ಹತ್ತಬೇಕು. ಹಣ ವಾಪಸ್ ಬರದ ಬುಕಿಂಗ್ ಆಗಿದ್ದರಂತೂ ಮುಗೀತು. 1755ರ ಭೂಕಂಪದ ನಂತರ ಮಂತ್ರಿ ಪೊಂಬಾಲ್ ಕಾಲದಲ್ಲಿ ಚೌಕುಳಿಯಾಗಿ ಮತ್ತೆ ಕಟ್ಟಿದ ಬೈಶಾ ಭಾಗ ಪೂರ್ತಿ ಸಮತಟ್ಟು. ಪ್ರಾಸಾ ದ ಫಿಗೇರಾ ಚೌಕ ಅಥವಾ ಮಾರ್ಟಿಂ ಮೊನಿಜ್ ಸುತ್ತಮುತ್ತ ರೂಮು ಹಿಡಿಯಿರಿ. ಕಾರಣ ಸಮತಟ್ಟು ಮಾತ್ರವಲ್ಲ, 28, 15ನೇ ನಂಬರಿನ ಟ್ರಾಮ್, 737, 734 ಬಸ್ ಎಲ್ಲ ಹೊರಡುವುದು ಇವೆರಡರ ಆಸುಪಾಸಿನಿಂದಲೇ. ಹೊರಡುವ ಜಾಗದಲ್ಲಿ ಹತ್ತಿದರೆ ಸೀಟು ಸಿಗುತ್ತೆ, ಮುಂದಿನ ಸ್ಟಾಪಿನಲ್ಲಿ ನಿಂತೇ ಹೋಗಬೇಕು. ಬುಕ್ ಮಾಡುವ ಮುಂಚೆ ಲಿಫ್ಟ್ ಇದೆಯಾ ಅಂತ ಬರಹದಲ್ಲಿ ಕೇಳಿ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇದ್ದರೂ ಅದರ ಬಾಗಿಲಿಗೆ ಮುಟ್ಟಲು ಏಳೆಂಟು ಮೆಟ್ಟಿಲು ಇರುವುದುಂಟು, ಅದನ್ನೂ ಕೇಳಿ. ನಗರದ ಪ್ರವಾಸಿ ತೆರಿಗೆ ತಲೆಗೆ ರಾತ್ರಿಗೆ 4 ಯುರೋ, ಬಾಡಿಗೆಯ ಜೊತೆ ಸೇರಿರುವುದಿಲ್ಲ. ನಾಲ್ಕು ಜನ, ಮೂರು ರಾತ್ರಿ ಅಂದರೆ 48 ಯುರೋ. ಬಜೆಟ್ ಹಾಕುವಾಗ ಎಲ್ಲರೂ ಮರೆಯುವುದು ಇದನ್ನೇ.

ಟಿಕೆಟ್ ಲೆಕ್ಕ. ಬಸ್ಸು, ಟ್ರಾಮ್, ಮೆಟ್ರೋಗೆ ಬಳಸುವ ನವೆಗಾಂತೆ ಕಾರ್ಡ್ ಐವತ್ತು ಸೆಂಟ್, ತಲೆಗೊಂದು ಬೇಕೇ ಬೇಕು. ಅದರಲ್ಲಿ ಹಣ ತುಂಬಿ ಬಳಸುವ "ಜ್ಯಾಪಿಂಗ್" ಆದರೆ ಒಂದು ಸವಾರಿಗೆ ಸುಮಾರು 1.70. ಬಸ್ಸು, ಟ್ರಾಮ್, ಮೆಟ್ರೋ ಸೇರಿದ 24 ಗಂಟೆಯ ಪಾಸ್ ಸುಮಾರು ಏಳು ಚಿಲ್ಲರೆ. ಅಂದರೆ ದಿನಕ್ಕೆ ಐದು ಸವಾರಿ ಆದರೆ ಪಾಸ್ ಲಾಭ. ನಮ್ಮ ವಿಧಾನದಲ್ಲಿ ಎರಡು ಸ್ಟಾಪಿನ ಏರಿಗೂ ಬಸ್ ಹತ್ತುವುದರಿಂದ ಐದು ದಾಟಿಯೇ ದಾಟುತ್ತೆ. ಟ್ರಾಮಿನೊಳಗೆ ಡ್ರೈವರ್ ಹತ್ತಿರ ಟಿಕೆಟ್ ತಗೊಂಡರೆ ಮೂರು ಯುರೋಗೂ ಮೇಲೆ, ಶುದ್ಧ ದಂಡ. ಪಾಸಿನ 24 ಗಂಟೆ ಶುರುವಾಗುವುದು ಕೊಂಡಾಗ ಅಲ್ಲ, ಮೊದಲ ಸಲ ಮಷೀನಿಗೆ ತೋರಿಸಿದಾಗ. ಮೊದಲ ದಿನ ಬೆಳಿಗ್ಗೆ ಸಮತಟ್ಟಿನಲ್ಲೇ ಸುತ್ತಿ, ಮಧ್ಯಾಹ್ನ ಎರಡಕ್ಕೆ ಪಾಸ್ ಶುರು ಮಾಡಿದರೆ ಮಾರನೆಯ ದಿನ ಎರಡರ ತನಕ ಬರುತ್ತೆ. ಒಂದೇ ಪಾಸಿನಲ್ಲಿ ಎರಡು ಬೆಟ್ಟ. ಒಂದು ಎಡವಟ್ಟು ಆಗುವುದು ಇಲ್ಲಿ: ಜ್ಯಾಪಿಂಗ್ ಹಣ ಉಳಿದಿರುವ ಕಾರ್ಡಿಗೆ ಪಾಸ್ ಹಾಕಲು ಹೋದರೆ ಮಷೀನು ಒಪ್ಪುವುದಿಲ್ಲ. ಅದಕ್ಕೆ ಇನ್ನೊಂದು ಐವತ್ತು ಸೆಂಟಿನ ಕಾರ್ಡ್ ತಗೊಳ್ಳಿ, ಕ್ಯೂನಲ್ಲಿ ವಾದ ಮಾಡುತ್ತ ನಿಲ್ಲಬೇಡಿ.

ಕೇಬಲ್ ಎಳೆದು ಬೆಟ್ಟ ಹತ್ತಿಸುವ ಫ್ಯುನಿಕ್ಯುಲರ್‌ ಗಾಡಿಗಳನ್ನು ನಾನು ಲೆಕ್ಕದಿಂದಲೇ ಕೈಬಿಟ್ಟಿದ್ದೇನೆ. 2025ರ ಸೆಪ್ಟೆಂಬರ್ 3ರಂದು ಅವುಗಳಲ್ಲೊಂದಾದ ಗ್ಲೋರಿಯಾದ ಕೇಬಲ್ ಕಳಚಿ 16 ಜನ ಸತ್ತರು, ಉಳಿದವನ್ನೂ ತಪಾಸಣೆಗೆ ನಿಲ್ಲಿಸಿದರು. ಓಡುತ್ತಿದ್ದರೆ ಸಂತೋಷ, ಆದರೆ ಅವುಗಳನ್ನು ನಂಬಿ ದಿನದ ಪ್ಲಾನ್ ಹಾಕಬೇಡಿ. ಬೈಶಾದಿಂದ ಮೇಲಿನ ಕಾರ್ಮು ಚೌಕಕ್ಕೆ ಒಯ್ಯುವ ಸಾಂತಾ ಜುಸ್ತಾ ಲಿಫ್ಟ್ ಕೂಡ ಬೇಡ. ಬದಲಿಗೆ ಬೈಶಾ-ಶಿಯಾದು ಮೆಟ್ರೋ ಸ್ಟೇಷನ್ನಿಗೆ ಕೆಳಗಿನ ಕ್ರುಸಿಫಿಶು ಬೀದಿಯ ಬಾಗಿಲಿಂದ ಹೋಗಿ. ಟಿಕೆಟ್ ಗೇಟ್ ದಾಟದೆಯೇ ಒಂದರ ಮೇಲೊಂದು ಉದ್ದನೆಯ ಎಸ್ಕಲೇಟರ್ ಏರಿ ಶಿಯಾದು ಚೌಕಕ್ಕೆ ಬರಬಹುದು, ಪೈಸೆ ಖರ್ಚಿಲ್ಲ. ಹೊರಬಂದರೆ ಎದುರಿಗೇ 1905ರ ಬ್ರಸಿಲೇರಾ ಕೆಫೆ, ಅದರ ಮುಂದೆ ಕವಿ ಪೆಸೋವಾ ಕಂಚಿನಲ್ಲಿ ಕೂತಿದ್ದಾರೆ. ಸ್ಟೇಷನ್ ಅಲ್ವಾರೊ ಸೀಜಾ ಅವರ ವಿನ್ಯಾಸ, ಬಿಳಿ ಹೆಂಚಿನ ಕಮಾನು ನೋಡಲು ಒಂದು ನಿಮಿಷ ಕೊಡಿ. ಒಂದು ಎಸ್ಕಲೇಟರ್ ರಿಪೇರಿಯಲ್ಲಿದ್ದರೂ ಇಡೀ ಯೋಜನೆ ಕೆಟ್ಟಂತೆ. ಆಗ ನದಿದಂಡೆಯ ಕಾಯಿಶ್ ದು ಸೊದ್ರೆ ನಿಲ್ದಾಣದಿಂದ 758 ಬಸ್ ಹಿಡಿದು ಕಮೋಯಿಂಶ್ ಚೌಕದಲ್ಲಿ ಇಳಿಯಿರಿ. ಶಿಯಾದುವಿನಿಂದ ಕಾರ್ಮು ಚೌಕಕ್ಕೆ ಸಣ್ಣ ಏರು. ಭೂಕಂಪದಲ್ಲಿ ಸೂರು ಕಳೆದುಕೊಂಡು ಹಾಗೇ ನಿಂತಿರುವ ಚರ್ಚ್ ಅಲ್ಲಿದೆ. ಅದರ ಪಕ್ಕದ ದಾರಿಯಲ್ಲಿ ಹೋದರೆ ಸಾಂತಾ ಜುಸ್ತಾ ಲಿಫ್ಟಿನ ಮೇಲಿನ ಸೇತುವೆಗೇ ಬಂದಿರುತ್ತೀರಿ. 

ಕೋಟೆ ಬೆಟ್ಟಕ್ಕೂ ಪುಕ್ಕಟೆ ಲಿಫ್ಟ್ ಇದೆ. ಫಾಂಕೇರುಶ್ ಬೀದಿಯಲ್ಲಿ 170ನೇ ನಂಬರಿನ ಆಸುಪಾಸು ಕಟ್ಟಡದ ಮೇಲೆ ಕೋಟೆ ಲಿಫ್ಟ್ ಅಂತ ಬೋರ್ಡ್ ಕಾಣುತ್ತೆ, ಆದರೆ ಯಾವುದೋ ಆಫೀಸಿನ ಬಾಗಿಲು ಅಂತ ಜನ ದಾಟಿ ಹೋಗುತ್ತಾರೆ. ಅದು ಮದಲೇನಾ ಬೀದಿಗೆ ಬಿಡುತ್ತೆ. ರಸ್ತೆ ದಾಟಿ ಸ್ವಲ್ಪ ಮೇಲೆ ನಡೆದರೆ ಕೆಳಗೆ ಸೂಪರ್‌ಮಾರ್ಕೆಟ್ ಇರುವ ಪಾರ್ಕಿಂಗ್ ಕಟ್ಟಡ, ಅದರೊಳಗೆ ಎರಡನೇ ಲಿಫ್ಟ್. ಮೇಲೆ ಬಂದ ಮೇಲೂ ಕೋಟೆ ಬಾಗಿಲಿಗೆ ಹತ್ತು ನಿಮಿಷದ ಕಲ್ಲುಹಾಸಿನ ಏರು ಉಳಿದಿರುತ್ತೆ. ಅದೂ ಆಗದವರಿಗೆ ಫಿಗೇರಾ ಚೌಕದಿಂದ ಹೊರಡುವ 737 ಬಸ್ ಸೀದಾ ಕೋಟೆ ಬಾಗಿಲಿಗೇ ಬಿಡುತ್ತೆ. ಇಷ್ಟೆಲ್ಲ ಹೇಳಿ ನನ್ನ ಅಭಿಪ್ರಾಯ ಕೇಳಿದರೆ, ಕೋಟೆ ಒಳಗೆ ಹೋಗುವುದೇ ಬೇಡ. ತಲೆಗೆ ಹದಿನೈದರ ಮೇಲೆ ಟಿಕೆಟ್, ಒಳಗೆ ಎಗುಡುದಿಗುಡು ಕಲ್ಲು, ಗೋಡೆ ಮೇಲಿನ ನೋಟಕ್ಕೆ ಮತ್ತೆ ಮೆಟ್ಟಿಲು. ಅದಕ್ಕಿಂತ ಚೆಂದದ ನೋಟ ಎದುರಿನ ಬೆಟ್ಟದ ಕಟ್ಟೆ ಸೆನ್ಯೋರಾ ದು ಮೊಂತೆಯಲ್ಲಿ ಬಿಟ್ಟಿ ಸಿಗುತ್ತೆ, ಕೋಟೆಯೂ ಆ ನೋಟದಲ್ಲೇ ಸೇರಿರುತ್ತೆ.

ಸೆನ್ಯೋರಾ ದು ಮೊಂತೆ ಕಡೆ ಹೋಗುವ ದಿನವೇ ನನ್ನ ವಿಧಾನದ ಪರೀಕ್ಷೆ. ಮಾರ್ಟಿಂ ಮೊನಿಜ್‌ನಲ್ಲಿ 28ಕ್ಕೆ ಕ್ಯೂ ನಿಂತವರು ನಿಂತಿರಲಿ. ನೀವು 734 ಬಸ್ ಹತ್ತಿ ಗ್ರಾಸಾದಲ್ಲಿ ಇಳಿಯಿರಿ. ಅಲ್ಲಿಂದ ಸೆನ್ಯೋರಾ ದು ಮೊಂತೆಗೆ ಐದಾರು ನಿಮಿಷದ ಏರು, ಇಡೀ ದಿನದಲ್ಲಿ ಕಾಲಿಗೆ ಬೀಳುವ ಏರು ಅದೊಂದೇ. ಬೆಳಿಗ್ಗೆ ಹೋದರೆ ಸೂರ್ಯ ಬೆನ್ನ ಕಡೆ ಇರುತ್ತಾನೆ, ಊರು, ಕೋಟೆ, ನದಿ, ಕೆಂಪು ಸೇತುವೆ ಸ್ಪಷ್ಟವಾಗಿ ಕಾಣುತ್ತೆ. ಸಂಜೆ ಗದ್ದಲ. ವಾಪಸ್ ಗ್ರಾಸಾ ಚರ್ಚಿನ ಮುಂದಿನ ಕಟ್ಟೆಯಲ್ಲಿ ಕಾಫಿ. ಇಲ್ಲಿಂದ 28ರ ಹಳಿ ಹಿಡಿಯಿರಿ. ಮಂಗಳವಾರ ಅಥವಾ ಶನಿವಾರವಾದರೆ ಸಾಂವ್ ವಿಸೆಂತೆ ಚರ್ಚಿನ ಹಿಂದೆ ಫೇರಾ ದ ಲಾದ್ರಾ ಸಂತೆ ಇರುತ್ತೆ. ಹಳೇ ಹೆಂಚು, ಹಿತ್ತಾಳೆ, ಕ್ಯಾಮೆರಾ ನೋಡಲು ಚಂದ, ಆದರೆ ಬಿಡಿ ಅಜುಲೇಜು ಹೆಂಚು ಮಾತ್ರ ಕೊಳ್ಳಬೇಡಿ, ಅದು ಯಾವ ಗೋಡೆಯಿಂದ ಕಿತ್ತದ್ದೋ ಹೇಳಲಾಗದು.

ಒಂದು ಜಾಗದಲ್ಲಿ ಹುಷಾರು. ಸಾಂವ್ ವಿಸೆಂತೆ ದಾಟಿದ ಮೇಲೆ ಹಳಿ ಎಸ್ಕೋಲಾಸ್ ಜೆರಾಯಿಶ್ ಬೀದಿಗೆ ತಿರುಗುತ್ತೆ. ಅಲ್ಲಿ ಒಂದೇ ಹಳಿ, ಟ್ರಾಮ್ ಬಂದರೆ ಗೋಡೆಗೆ ಬೆನ್ನು ಅಂಟಿಸಿ ನಿಲ್ಲಬೇಕು, ಕೈಚೀಲ ಹೊರಗೆ ಚಾಚಿದ್ದರೆ ತಾಗುತ್ತೆ. ನಡಿಗೆ ನಿಧಾನವಿರುವವರನ್ನು ಅಲ್ಲಿ ನಡೆಸಬೇಡಿ. ಅದೊಂದು ತುಂಡಿಗೆ ಮಾತ್ರ 28 ಹತ್ತಿ ಪೊರ್ತಾಸ್ ದು ಸೋಲ್‌ನಲ್ಲಿ ಇಳಿಯಿರಿ. ಪಾಸ್ ಇದ್ದರೆ ಇಂಥ ಎರಡು ಸ್ಟಾಪಿನ ಸವಾರಿಗೆ ಲೆಕ್ಕ ಮಾಡಬೇಕಿಲ್ಲ. ತುಂಬಿದ 28ರಲ್ಲೂ ಸೀಟು ಖಾಲಿಯಾಗುವ ಒಂದು ನಡುವಿನ ಸ್ಟಾಪ್ ನನಗೆ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಬೇಸಿಗೆಗೆ ನನಗೇ ಸೀಟು ಇರುವುದಿಲ್ಲ. ಪೊರ್ತಾಸ್ ದು ಸೋಲ್ ಪಕ್ಕದ ಸಾಂತಾ ಲುಜಿಯಾ ಚರ್ಚಿನ ಹೊರಗೋಡೆಯಲ್ಲಿ ಭೂಕಂಪಕ್ಕೆ ಮುಂಚಿನ ನದಿದಂಡೆಯ ಚೌಕವನ್ನು ನೀಲಿ ಹೆಂಚಿನಲ್ಲಿ ಬರೆದಿದ್ದಾರೆ. ಇಲ್ಲಿಂದ ಸೇ ಕೆಥೆಡ್ರಲ್, ಅಲ್ಲಿಂದ ಬೈಶಾ, ಹಳಿಯ ಪಕ್ಕದಲ್ಲೇ ಇಳಿಜಾರು. ಕಾಲುದಾರಿಯ ಸುಣ್ಣಕಲ್ಲು ಸವೆದು ನುಣುಪಾಗಿರುತ್ತೆ, ಮಳೆ ಬಿದ್ದರೆ ಸೋಪು ಹಚ್ಚಿದ ಹಾಗೆ. ಚರ್ಮದ ತಳದ ಚಪ್ಪಲಿ ಬೇಡವೇ ಬೇಡ. ಊರುಗೋಲಿದ್ದರೆ ತುದಿಗೆ ಹೊಸ ರಬ್ಬರ್ ಹಾಕಿಸಿ.

ಊರಿನ ಪಶ್ಚಿಮಕ್ಕೆ ನದಿದಂಡೆಯಲ್ಲಿರುವ ಬೆಲೇಂಗೆ ಬ್ಲಾಗುಗಳು ರೈಲು ಹೇಳುತ್ತವೆ. ಕಾಯಿಶ್ ದು ಸೊದ್ರೆಯಿಂದ ಏಳೆಂಟು ನಿಮಿಷ, ನಿಜ. ಆದರೆ ಕಾಶ್ಕಾಯಿಶ್‌ಗೆ ಹೋಗುವ ವೇಗದ ರೈಲು ಬೆಲೇಂನಲ್ಲಿ ನಿಲ್ಲುವುದಿಲ್ಲ, ನಿಲ್ಲುವ ರೈಲಿನಲ್ಲಿ ಹೋದರೂ ಹಳಿ ಮತ್ತು ರಸ್ತೆ ದಾಟಲು ಮೇಲ್ಸೇತುವೆ. ಮಂಡಿಗೆ 15ರ ಉದ್ದನೆಯ ಹೊಸ ಟ್ರಾಮೇ ಸರಿ. ನೆಲ ತಗ್ಗು, ಹತ್ತಲು ಸುಲಭ, ಜೆರೋನಿಮುಶ್ ಮಠದ ಮುಂದೆಯೇ ನಿಲ್ಲುತ್ತೆ. ಜೇಬುಗಳ್ಳರ ಟ್ರಾಮೂ ಹೌದು, ಚೀಲ ಹೊಟ್ಟೆ ಮೇಲಿರಲಿ. ಸೋಮವಾರ ಮಠ ರಜೆ. ಒಳಾಂಗಣದ ಟಿಕೆಟ್ ಸುಮಾರು 18, ಅರವತ್ತೈದು ದಾಟಿದವರಿಗೆ ಅರ್ಧ. ವಯಸ್ಸು ತೋರಿಸಲು ಪಾಸ್‌ಪೋರ್ಟ್ ಕೈಯಲ್ಲಿರಲಿ. ಕ್ಯೂ ಉದ್ದವಿದ್ದರೆ ನಾನು ಒಳಾಂಗಣ ಬಿಟ್ಟು ಚರ್ಚಿಗೆ ಮಾತ್ರ ಹೋಗುತ್ತೇನೆ, ಅದಕ್ಕೆ ಟಿಕೆಟ್ ಇಲ್ಲ. ಬಾಗಿಲಲ್ಲೇ ಎಡಬಲಕ್ಕೆ ವಾಸ್ಕೊ ಡ ಗಾಮಾ ಮತ್ತು ಕವಿ ಕಮೋಯಿಂಶ್ ಸಮಾಧಿ. ಗಾಮಾ ಸತ್ತದ್ದು 1524ರಲ್ಲಿ ಕೊಚ್ಚಿಯಲ್ಲಿ, ಮೂಳೆ ಇಲ್ಲಿಗೆ ಬಂದದ್ದು ಆಮೇಲೆ. ಅಲ್ಲೇ ತಿರುಗಿ ಹೋಗಬೇಡಿ. ಒಳಗೆ ಗರ್ಭಗುಡಿಯ ಕಡೆ ರಾಜರ ಸಮಾಧಿಗಳನ್ನು ಹೊತ್ತು ನಿಂತಿರುವುದು ಅಮೃತಶಿಲೆಯ ಆನೆಗಳು. ನಮ್ಮ ದೇವಸ್ಥಾನಗಳ ಆನೆಸಾಲು ನೋಡಿ ಬೆಳೆದ ಹಿರಿಯರು ಇಡೀ ಬೆಲೇಂನಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಅವುಗಳ ಮುಂದೆಯೇ.

ಕಸ್ಟರ್ಡ್ ತುಂಬಿದ ಪುಟ್ಟ ಸಿಹಿತಿಂಡಿ ಮಾರುವ, 1837ರಿಂದ ನಡೆಯುತ್ತಿರುವ ಪಶ್ತೇಯಿಶ್ ದ ಬೆಲೇಂ ಅಂಗಡಿಯ ಬಾಗಿಲಲ್ಲಿ ಕಾಣುವ ಸಾಲು ಪಾರ್ಸಲ್‌ನದು. ಒಳಗೆ ಕೂರಲು ಒಂದರ ಹಿಂದೊಂದು ಕೋಣೆಗಳಿವೆ, ಅಲ್ಲಿ ಬೇಗ ಜಾಗವಾಗುತ್ತೆ, ಶೌಚಾಲಯವೂ ಸಿಗುತ್ತೆ. ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿಕೊಂಡು ಬಿಸಿಯಾಗಿ ತಿನ್ನಬೇಕು. ಮೊಟ್ಟೆಯ ಹಳದಿಯಿಂದ ಮಾಡಿದ್ದು, ತಿನ್ನದವರಿಗೆ ಮೊದಲೇ ಹೇಳಿಬಿಡಿ.

ಊಟದ ವಿಷಯ. ಹೋಟೆಲಿನಲ್ಲಿ ಕೇಳದೆಯೇ ಬ್ರೆಡ್, ಆಲಿವ್, ಚೀಸ್ ತಂದಿಡುತ್ತಾರೆ. ಮುಟ್ಟಿದರೆ ಬಿಲ್ ಆಗುತ್ತೆ, ಬೇಡವಾದರೆ ವಾಪಸ್ ಕೊಡಿ. ತರಕಾರಿ ಸೂಪ್ ಅಂದರೂ ಮಾಂಸದ ಸಾರಿನಲ್ಲಿ ಮಾಡಿರಬಹುದು, ಕಾಲ್ದು ವೆರ್ದೆ ಅನ್ನುವ ಸೊಪ್ಪಿನ ಸೂಪಿನ ಮೇಲೆ ಹಂದಿಮಾಂಸದ ತುಂಡು ಇದ್ದೇ ಇರುತ್ತೆ. ಶುದ್ಧ ಸಸ್ಯಾಹಾರಿಗಳಿಗೆ ಲುಮಿಯಾರ್ ಕಡೆ ರಾಧಾಕೃಷ್ಣ ದೇವಸ್ಥಾನದ ಕ್ಯಾಂಟೀನ್ ಇದೆ, ಗುಜರಾತಿ ರುಚಿ. ನಾನು ಮಾತ್ರ ಅಡುಗೆಮನೆ ಇರುವ ರೂಮೇ ಹಿಡಿಯುವುದು. ಮಾರ್ಟಿಂ ಮೊನಿಜ್ ಹಿಂದಿನ ಬೆನ್‌ಫೊರ್ಮೋಜು ಬೀದಿಯಲ್ಲಿ ಬಾಂಗ್ಲಾ ಅಂಗಡಿಗಳ ಸಾಲು, ತೊಗರಿಬೇಳೆ, ಹಸಿಮೆಣಸು ಎಲ್ಲ ಸಿಗುತ್ತೆ. ಕೊತ್ತಂಬರಿಗೆ ಅಷ್ಟು ದೂರವೂ ಬೇಡ, ಪೋರ್ಚುಗೀಸರೂ ಅದನ್ನು ಧಾರಾಳವಾಗಿ ಹಾಕುವವರು. ಅಕ್ಕಿಯಲ್ಲಿ ಒಂದು ಪ್ರಯೋಗ ಮಾಡಿದೆ: ಉದ್ದನೆಯ ಆಗುಲ್ಯಾ ಉದುರುದುರಾಗಿ ಚಿತ್ರಾನ್ನಕ್ಕೆ ಸರಿ, ದಪ್ಪನೆಯ ಕರೊಲಿನು ನೀರು ಕುಡಿದು ಮುದ್ದೆಯಾಗುತ್ತೆ. ಕರೊಲಿನುವಿನಲ್ಲಿ ಬಿಸಿಬೇಳೆ ಬಾತ್ ಮಾಡಿ ನೋಡಿ, ಸೋನಾ ಮಸೂರಿಗಿಂತ ಚೆನ್ನಾಗಿ ಹೊಂದುತ್ತೆ ಅಂತ ನಾನಂತೂ ಪಣ ಕಟ್ಟುತ್ತೇನೆ.

ಪಕ್ಕದ ಅರಮನೆಗಳ ಊರು ಸಿಂತ್ರಾ? ಹಿರಿಯರಿದ್ದರೆ ಪೇನಾ ಅರಮನೆ ಬಿಡಿ. ಟಿಕೆಟ್ಟಿನಲ್ಲಿ ಬರೆದ ಸಮಯ ಅರಮನೆ ಬಾಗಿಲಿನದು, ಉದ್ಯಾನದ ಗೇಟಿನಿಂದ ಅಲ್ಲಿಗೆ ಅರ್ಧ ಗಂಟೆ ಏರು. ಒಳಗಿನ ಸಣ್ಣ ಬಸ್ಸಿಗೆ ಬೇರೆ ದುಡ್ಡು, ಬೇರೆ ಕ್ಯೂ, ಅದರ ನಡುವೆ ಸಮಯ ತಪ್ಪಿದರೆ ಇಪ್ಪತ್ತು ಯುರೋ ನೀರಿಗೆ. ಬೈಶಾದ ರೊಸಿಯು ಸ್ಟೇಷನ್ನಿನಿಂದ ನಲವತ್ತು ನಿಮಿಷದ ರೈಲಿನಲ್ಲಿ ಹೋಗಿ, ಊರ ನಡುವಿನ ಹಳೇ ಅರಮನೆ ನೋಡಿ ಬನ್ನಿ. ಎರಡು ಬಿಳಿ ಶಂಖುವಿನಂಥ ಚಿಮಣಿ ಇರುವುದೇ ಅದು. ಆ ಚಿಮಣಿಗಳ ಬುಡ ಅರಮನೆಯ ಅಡುಗೆಮನೆ, ಒಳಗೆ ನಿಂತು ತಲೆ ಎತ್ತಿದರೆ ಮೇಲಿನ ತೂತಿನ ತನಕ ಕಾಣುತ್ತೆ. ಆ ದಿನಕ್ಕೆ ರೈಲೂ ಸೇರಿದ ಪಾಸ್ ತಗೊಳ್ಳಿ, ಹನ್ನೊಂದು ಹನ್ನೆರಡು ಯುರೋ ಆಸುಪಾಸು. ಸಾಮಾನ್ಯ ಪಾಸ್ ಸಿಂತ್ರಾ ರೈಲಿಗೆ ನಡೆಯುವುದಿಲ್ಲ.

ಸಂಜೆ ಉಳಿದಿದ್ದರೆ ಕಾಯಿಶ್ ದು ಸೊದ್ರೆಯಿಂದ ನದಿಯಾಚೆಯ ಕಸಿಲ್ಯಾಸ್‌ಗೆ ದೋಣಿ. ಹತ್ತು ನಿಮಿಷ, ಒಂದೂವರೆ ಯುರೋ ಲೆಕ್ಕ, ಜ್ಯಾಪಿಂಗ್ ಕಾರ್ಡ್ ನಡೆಯುತ್ತೆ. ದುಬಾರಿ ಸೂರ್ಯಾಸ್ತದ ಬೋಟಿನವರು ತೋರಿಸುವ ಊರಿನ ನೋಟ ಇದರಲ್ಲೂ ಸಿಗುತ್ತೆ, ವೈನ್ ಲೋಟ ಮಾತ್ರ ಕೊಡುವುದಿಲ್ಲ. ನಾಲ್ಕು ಜನಕ್ಕೆ ಮೂರು ದಿನದ ಓಡಾಟದ ಒಟ್ಟು ಖರ್ಚು ದೋಣಿ, ಸಿಂತ್ರಾ ಎಲ್ಲ ಸೇರಿ ನೂರು ಯುರೋ ಆಸುಪಾಸು, ಟುಕ್‌ಟುಕ್‌ನ ಒಂದೂವರೆ ಗಂಟೆಯ ಬಾಡಿಗೆ. ವಿಮಾನ ನಿಲ್ದಾಣಕ್ಕೂ ಮೆಟ್ರೋ ಸಾಕು, ಹಸಿರು ಲೈನಿನಿಂದ ಅಲಮೇದಾದಲ್ಲಿ ಕೆಂಪಿಗೆ ಬದಲಿಸಿ. ಮೊದಲ ರೈಲು ಬೆಳಿಗ್ಗೆ ಆರೂವರೆಗೆ, ಅದನ್ನು ಹಿಡಿದರೆ ತಡವಾಗುವಂಥ ವಿಮಾನವಾದರೆ ಹಿಂದಿನ ರಾತ್ರಿಯೇ ಟ್ಯಾಕ್ಸಿ ಹೇಳಿಡಿ.