ವಿಎಸ್ ಕೋಡ್‌ನಲ್ಲಿ ಜಾವಾಸ್ಕ್ರಿಪ್ಟ್ ಸಜೆಶನ್ ಬರ್ತಿಲ್ವಾ? ಮೊದಲು ಐಕಾನ್ ನೋಡಿ

ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಲ್ಲಿ ಡಾಟ್ ಒತ್ತಿದರೆ ಮುಂದಿನ ಪದ ಸೂಚಿಸುವ ಲಿಸ್ಟೇ ಬರಲ್ಲ, ಬಂದರೂ ಕೆಲಸಕ್ಕೆ ಬಾರದ ಪದಗಳೇ ತುಂಬಿರುತ್ತವೆ. ಹೀಗಾದರೆ ಎಲ್ಲರೂ ಮೊದಲು ಹೇಳೋದು ಎಡಿಟರ್ ತೆಗೆದು ಮತ್ತೆ ಹಾಕಿ ಅಂತ. ಬೇಡ. ನಿಮ್ಮ ಸೆಟ್ಟಿಂಗ್ಸ್, ಎಕ್ಸ್‌ಟೆನ್ಶನ್ ಎಲ್ಲ ಬೇರೆ ಫೋಲ್ಡರ್‌ನಲ್ಲಿ ಉಳಿದಿರುತ್ತವೆ, ತೊಂದರೆಯೂ ಅವುಗಳ ಜೊತೆಗೇ ವಾಪಸ್ ಬರಬಹುದು.

ಲಿಸ್ಟ್ ಬರುತ್ತಿದ್ದರೆ ಪ್ರತಿ ಪದದ ಎಡಕ್ಕಿರುವ ಪುಟ್ಟ ಐಕಾನ್ ನೋಡಿ. ಎಲ್ಲದಕ್ಕೂ 'ಎಬಿಸಿ' ಅಂತಿದ್ದರೆ ಎಡಿಟರ್ ಫೈಲ್‌ನಲ್ಲಿರುವ ಪದಗಳನ್ನೇ ಹೆಕ್ಕಿ ತೋರಿಸುತ್ತಿದೆ, ನಿಮ್ಮ ಕೋಡ್ ಅದಕ್ಕೆ ಅರ್ಥವಾಗಿಲ್ಲ. ಅರ್ಥ ಮಾಡಿಕೊಳ್ಳುವ ಕೆಲಸ ಹಿಂದೆ ಓಡುವ ಟಿಎಸ್ ಸರ್ವರ್‌ನದ್ದು. ನೀವು ಬರೀ ಜಾವಾಸ್ಕ್ರಿಪ್ಟ್ ಬರೆದರೂ ಟೈಪ್‌ಸ್ಕ್ರಿಪ್ಟ್‌ನ (ಜಾವಾಸ್ಕ್ರಿಪ್ಟಿಗೆ ಟೈಪ್ ಸೇರಿಸಿದ ಭಾಷೆ) ಈ ಸರ್ವರೇ ಬೇಕು. ಕಂಟ್ರೋಲ್ ಶಿಫ್ಟ್ ಪಿ ಒತ್ತಿ 'ರಿಸ್ಟಾರ್ಟ್ ಟಿಎಸ್ ಸರ್ವರ್' ಕೊಡಿ. ಜಾವಾಸ್ಕ್ರಿಪ್ಟ್ ಅಥವಾ ಟೈಪ್‌ಸ್ಕ್ರಿಪ್ಟ್ ಫೈಲ್ ತೆರೆದಿದ್ದಾಗ ಮಾತ್ರ ಈ ಕಮಾಂಡ್ ಕಾಣುತ್ತದೆ. ಆಗಲೂ ಕಾಣದಿದ್ದರೆ ಕೆಳಗೆ ಬಲಮೂಲೆಯಲ್ಲಿ 'ಪ್ಲೇನ್ ಟೆಕ್ಸ್ಟ್' ಅಂತ ಇದೆಯಾ ನೋಡಿ, ಇದ್ದರೆ 'ಜಾವಾಸ್ಕ್ರಿಪ್ಟ್'ಗೆ ಬದಲಾಯಿಸಿ.

ಲಿಸ್ಟೇ ಬರದಿದ್ದರೆ ಕಂಟ್ರೋಲ್ ಸ್ಪೇಸ್ ಒತ್ತಿ. ಆಗ ಬಂತು ಅಂದರೆ ಸೆಟ್ಟಿಂಗ್ಸ್‌ನಲ್ಲಿ 'ಕ್ವಿಕ್ ಸಜೆಶನ್ಸ್' ಅಥವಾ (ಡಾಟ್ ಒತ್ತಿದಾಗ ಬರದಿದ್ದರೆ) 'ಸಜೆಸ್ಟ್ ಆನ್ ಟ್ರಿಗರ್ ಕ್ಯಾರೆಕ್ಟರ್ಸ್' ಆಫ್ ಆಗಿರಬೇಕು. ಮ್ಯಾಕ್‌ನಲ್ಲಿ ಕನ್ನಡ ಕೀಬೋರ್ಡನ್ನೂ ಇಟ್ಟುಕೊಂಡಿರುವವರಿಗೆ ಇಲ್ಲೊಂದು ಕಿರಿಕಿರಿ ಇದೆ: ಅದೇ ಎರಡು ಕೀ ಭಾಷೆ ಬದಲಾಯಿಸುವುದಕ್ಕೂ ಇರುತ್ತವೆ, ಲಿಸ್ಟ್ ಬರುವ ಬದಲು ಕೀಬೋರ್ಡ್ ಕನ್ನಡಕ್ಕೆ ತಿರುಗುತ್ತದೆ. ಕೀಬೋರ್ಡ್ ಶಾರ್ಟ್‌ಕಟ್ಸ್‌ನಲ್ಲಿ 'ಟ್ರಿಗರ್ ಸಜೆಸ್ಟ್' ಹುಡುಕಿ ಬೇರೆ ಕೀ ಕೊಟ್ಟುಬಿಡಿ.

ಇನ್ನು ಪ್ರಾಜೆಕ್ಟ್ ವಿಷಯ. ಒಂದೇ ಫೈಲ್ ತೆರೆಯಬೇಡಿ, ಇಡೀ ಫೋಲ್ಡರ್ ತೆರೆಯಿರಿ. ಗಿಟ್‌ನಿಂದ ಈಗಷ್ಟೇ ಇಳಿಸಿದ ಪ್ರಾಜೆಕ್ಟ್ ಆದರೆ ಬೇಕಾದ ಲೈಬ್ರರಿಗಳನ್ನು ಇಳಿಸುವ ಎನ್‌ಪಿಎಂ ಇನ್‌ಸ್ಟಾಲ್ ಮಾಡಿದ್ದೀರಾ? ಲೈಬ್ರರಿಯೇ ಇಲ್ಲದಿದ್ದರೆ ಅದರ ಫಂಕ್ಷನ್ ತೋರಿಸೋದು ಹೇಗೆ, ಅಲ್ವಾ? ಆಮೇಲೆ ಪ್ರಾಜೆಕ್ಟ್‌ನ ರೂಟ್‌ನಲ್ಲಿ ಜೆಎಸ್‌ಕಾನ್ಫಿಗ್ ಡಾಟ್ ಜೇಸನ್ ಫೈಲ್ ಇಡಿ, ಯಾವ ಫೈಲ್‌ಗಳು ಒಂದೇ ಪ್ರಾಜೆಕ್ಟಿಗೆ ಸೇರಿವೆ ಅಂತ ಸರ್ವರ್‌ಗೆ ಗೊತ್ತಾಗೋದು ಅದರಿಂದ. ಅದರಲ್ಲಿ ಹೊರಗಿಡಬೇಕಾದ ಫೋಲ್ಡರ್‌ಗಳ 'ಎಕ್ಸ್‌ಕ್ಲೂಡ್' ಪಟ್ಟಿ ಬರೆಯುವಾಗ ಹುಷಾರು. ಲೈಬ್ರರಿಗಳಿರುವ 'ನೋಡ್ ಮಾಡ್ಯೂಲ್ಸ್', ಬಿಲ್ಡ್ ಆದ ಕೋಡ್ ಇರುವ 'ಡಿಸ್ಟ್' ಫೋಲ್ಡರ್‌ಗಳನ್ನು ಸರ್ವರ್ ಸುಮ್ಮನೆ ಓದುತ್ತಾ ಕೂರಬಾರದು. ಎರಡನ್ನೂ ಬರೆಯಿರಿ.

ಇಷ್ಟಾದರೂ ಕೆಲವು ಕಡೆ ಬರೋದಿಲ್ಲ, ಅದು ದೋಷವೂ ಅಲ್ಲ. 'ಗೆಟ್ ಎಲಿಮೆಂಟ್ ಬೈ ಐಡಿ' ಬರೆದು ಡಾಟ್ ಒತ್ತಿ, 'ವ್ಯಾಲ್ಯೂ' ಸರಿಯಾದ ಐಕಾನ್‌ ಜೊತೆ ಬರೋದಿಲ್ಲ. ಆ ಐಡಿ ಇನ್‌ಪುಟ್‌ದೋ ಡಿವ್‌ದೋ ಎಡಿಟರ್‌ಗೆ ಗೊತ್ತಿಲ್ಲ. 'ಕ್ವೆರಿ ಸೆಲೆಕ್ಟರ್'ಗೆ ಬರೀ 'ಇನ್‌ಪುಟ್' ಅಂತ ಕೊಟ್ಟು ನೋಡಿ, ತಕ್ಷಣ ಬರುತ್ತದೆ. ನೆಟ್‌ನಿಂದ ಡೇಟಾ ತರುವ ಫೆಚ್‌ನಿಂದ ಬಂದ ಜೇಸನ್‌ದೂ ಇದೇ ಕತೆ, ಒಳಗೇನಿದೆ ಅಂತ ಯಾರೂ ಹೇಳಿಲ್ಲ. ಅದಕ್ಕೆ ಜೆಎಸ್‌ಡಾಕ್ ಇದೆ, ಅಂದರೆ ಕಾಮೆಂಟ್‌ನಲ್ಲೇ ಟೈಪ್ ಬರೆಯುವ ಪದ್ಧತಿ. ಫಂಕ್ಷನ್ ಮೇಲೆ ಒಂದು ಸ್ಲ್ಯಾಶ್, ಎರಡು ಸ್ಟಾರ್ ಹಾಕಿ ಎಂಟರ್ ಒತ್ತಿದರೆ ಖಾಲಿ ಚೌಕಟ್ಟು ತಾನೇ ಬರುತ್ತದೆ, ಪ್ಯಾರಾಮೀಟರ್‌ನ ಟೈಪ್ ತುಂಬಿದರೆ ಸಾಕು. ನನ್ನ ಪ್ರಕಾರ ಇಡೀ ಪ್ರಾಜೆಕ್ಟನ್ನು ಟೈಪ್‌ಸ್ಕ್ರಿಪ್ಟಿಗೆ ಬದಲಾಯಿಸುವ ಮೊದಲು ಇದನ್ನೇ ಮಾಡಿ ನೋಡಬೇಕು.

ಎಲ್ಲ ಸರಿಯಿದ್ದೂ ಬರದಿದ್ದರೆ ಎಕ್ಸ್‌ಟೆನ್ಶನ್ ಮೇಲೆ ಅನುಮಾನ ಪಡಿ. ಎಕ್ಸ್‌ಟೆನ್ಶನ್ ಹುಡುಕುವ ಜಾಗದಲ್ಲಿ 'ಅಟ್ ಬಿಲ್ಟ್‌ಇನ್' (@builtin) ಅಂತ ಟೈಪ್ ಮಾಡಿ, ಟೈಪ್‌ಸ್ಕ್ರಿಪ್ಟ್ ಮತ್ತು ಜಾವಾಸ್ಕ್ರಿಪ್ಟ್ ಹೆಸರಿರುವ ಲ್ಯಾಂಗ್ವೇಜ್ ಫೀಚರ್ಸ್ ಆನ್ ಇದೆಯಾ ನೋಡಿ. ಆನ್ ಇದ್ದರೆ 'ಸ್ಟಾರ್ಟ್ ಎಕ್ಸ್‌ಟೆನ್ಶನ್ ಬೈಸೆಕ್ಟ್' ಕಮಾಂಡ್ ಕೊಡಿ. ನೀವು ಹಾಕಿಕೊಂಡ ಎಕ್ಸ್‌ಟೆನ್ಶನ್‌ಗಳಲ್ಲಿ ಅರ್ಧದಷ್ಟನ್ನು ಆಫ್ ಮಾಡಿ ಈಗ ಸರಿಯಾಯಿತಾ ಅಂತ ಕೇಳುತ್ತದೆ, ಕೊನೆಗೆ ಕಾರಣವಾದದ್ದನ್ನು ಹೆಸರು ಸಮೇತ ತೋರಿಸುತ್ತದೆ.