ಲೈಸೆನ್ಸ್ ಕೇಳಿದವರಿಗೆ ನಾನು ತೋರಿಸುವ ರಿಜಿಸ್ಟರ್

‘ಲೈಸೆನ್ಸ್ ಎಲ್ಲಿ?’ ಎಂದು ಕೇಳದ ಗಿರಾಕಿ ತುಮಕೂರಿನಲ್ಲಿ ಖಾಸಗಿ ಪತ್ತೇದಾರನಾದ ನನಗೆ ಸಿಕ್ಕಿಲ್ಲ. ನಮ್ಮಂಥವರಿಗೆಂದು 2007ರಲ್ಲಿ ರಾಜ್ಯಸಭೆಗೆ ಬಂದ ಮಸೂದೆ ಕಾಯ್ದೆಯಾಗಲೇ ಇಲ್ಲ. ಇದು ತಿಳಿಯದೆ ಮಧ್ಯವರ್ತಿಯೊಬ್ಬನಿಗೆ 30 ಸಾವಿರದಷ್ಟು ತೆತ್ತೆ. ಅವನು ತುಂಬಿಸಿದ್ದು 2005ರ ಭದ್ರತಾ ಏಜೆನ್ಸಿ ಕಾಯ್ದೆಯ ಅರ್ಜಿಯನ್ನು. ಅದು ಕಾವಲುಗಾರರನ್ನು ಒದಗಿಸುವವರಿಗೆ. ಒಂದು ಜಿಲ್ಲೆಗೆ ಶುಲ್ಕವೇ 5 ಸಾವಿರ!

ಅದಕ್ಕಿಂತ ನೋಯಿಸಿದ್ದು 2019ರ ಸುಮಾರಿನ ಜೀವನಾಂಶದ ಪ್ರಕರಣ. ಗಂಡನಿಗೆ ವ್ಯಾಪಾರವಿದೆ ಎಂದು ಆ ಹೆಣ್ಣುಮಗಳು ತೋರಿಸಬೇಕಿತ್ತು. ತಿಪಟೂರಿನ ಕೊಬ್ಬರಿ ಮಂಡಿಯೆದುರು ಹನ್ನೊಂದು ದಿನ ನಿಂತು ವಿಡಿಯೊ ತೆಗೆದೆ. ವಿಡಿಯೊದಂಥ ಸಾಕ್ಷ್ಯಕ್ಕೆ ಆಗಿನ ಸಾಕ್ಷ್ಯ ಕಾಯ್ದೆ ಕೇಳುತ್ತಿದ್ದ 65ಬಿ ಪ್ರಮಾಣಪತ್ರ ಬರೆಯಲು ಕುಳಿತರೆ ಯಾವ ಮೊಬೈಲು, ಯಾವ ದಿನ ಎಂಬುದಕ್ಕೆ ಒಂದು ಸಾಲಿನ ದಾಖಲೆಯಿಲ್ಲ. ಮೂಲ ಮೆಮೊರಿ ಕಾರ್ಡನ್ನು ನಾನೇ ಅಳಿಸಿದ್ದೆ. ವಕೀಲರು ಎಲ್ಲವನ್ನೂ ಪಕ್ಕಕ್ಕಿಟ್ಟರು. ಬಾಕಿ 18 ಸಾವಿರ ಕೇಳಲು ನನಗೆ ಮುಖವಿರಲಿಲ್ಲ.

ಅಂದಿನಿಂದ ಪುಟಸಂಖ್ಯೆ ಅಚ್ಚಾದ ರಿಜಿಸ್ಟರ್ ಇಟ್ಟೆ. ‘ಬೆಳಿಗ್ಗೆ 6.40, ಅಂತರಸನಹಳ್ಳಿ ಮಾರುಕಟ್ಟೆ ಗೇಟು, ತುಂತುರು, ಎರಡನೇ ಮೊಬೈಲ್, ಕಡತ 14’ – ಸ್ಥಳದಲ್ಲೇ, ಪೆನ್ನಿನಲ್ಲೇ. ತಪ್ಪಿದರೆ ಗೀಟು ಎಳೆದು ಸಹಿ. ಅದೇ ರಾತ್ರಿ ವಿಡಿಯೊದ ಹ್ಯಾಶ್, ಅಂದರೆ ಕಡತ ಬದಲಾದರೆ ತಾನೂ ಬದಲಾಗುವ ಗುರುತು ಸಂಖ್ಯೆ, ತೆಗೆದು ಅದೇ ಸಾಲಿನ ಪಕ್ಕಕ್ಕೆ. ಈಗಿನ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರಕ್ಕೆ ಅದು ಬೇಕೇ ಬೇಕು. ನಡುವೆ, ಬರೆಯುವ ಬದಲು ಧ್ವನಿಮುದ್ರಣ ಮಾಡಿ ನೋಡಿದೆ. ಬಿ.ಎಚ್. ರಸ್ತೆಯ ಲಾರಿಗಳ ಸದ್ದಿನಲ್ಲಿ ಅರ್ಧ ಕೇಳಿಸಲಿಲ್ಲ, ಬಿಟ್ಟೆ. ಗಿರಾಕಿಯ ಉದ್ದೇಶ ಬರೆದ ಸಹಿಪತ್ರವಿಲ್ಲದೆ ಮುಂಗಡ ಮುಟ್ಟುವುದಿಲ್ಲ. ಬೇರೆಯವರ ಫೋನ್ ಕರೆ ವಿವರ ತಂದುಕೊಡಿ ಎನ್ನುವವರನ್ನು ಬಾಗಿಲಲ್ಲೇ ಕಳುಹಿಸುತ್ತೇನೆ. 2018ರಲ್ಲಿ ಮಹಾರಾಷ್ಟ್ರದ ಠಾಣೆ ನಗರದ ಪೊಲೀಸರು ಆ ವ್ಯವಹಾರದಲ್ಲೇ ಪತ್ತೇದಾರರನ್ನು ಬಂಧಿಸಿದ್ದರು. ಹೀಗೆ ಮೂರರಲ್ಲೊಂದು ಪಾಲು ಕೆಲಸ ಕೈಬಿಟ್ಟಿತು. ‘ಇದು ಗುಮಾಸ್ತನ ಕೆಲಸ, ಆರು ತಿಂಗಳಲ್ಲಿ ಬೀಗ ಹಾಕುತ್ತೀಯ’ ಎಂದರು ಜೊತೆಯವರು.

ಕಳೆದ ವರ್ಷ ಒಂದು ಪ್ರಕರಣದಲ್ಲಿ ಎದುರು ವಕೀಲರು ನನ್ನನ್ನು ಎರಡು ಗಂಟೆಯಷ್ಟು ಪಾಟೀಸವಾಲಿಗೆ ನಿಲ್ಲಿಸಿದರು. ‘ನಿಮಗೆ ಪರವಾನಗಿ ಇದೆಯೇ?’ ಎಂಬುದೇ ಮೊದಲ ಪ್ರಶ್ನೆ. ‘ಅಂಥದ್ದನ್ನು ಕೊಡುವ ಕಾಯ್ದೆಯೇ ಇಲ್ಲ, ಸ್ವಾಮಿ, ನಾನು ಕಂಡದ್ದು ಇಲ್ಲಿದೆ’ ಎಂದು ರಿಜಿಸ್ಟರ್ ಬಿಚ್ಚಿದೆ. ಒಂದು ಸಾಲೂ ಅಲ್ಲಾಡಲಿಲ್ಲ. ಅದೇ ವಾರ ಬಾಕಿ 42 ಸಾವಿರವೋ ಏನೋ ಪೂರ್ತಿ ಬಂತು.

ವಸಂತನರಸಾಪುರದ ಕಾರ್ಖಾನೆಗಳಲ್ಲಿ ಗೇಟಿನವರನ್ನು ಕೇಳದೆ ಒಬ್ಬನ ಪಾಳಿ ತಿಳಿಯುವ ಬಗೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ. ಆ ಎದುರು ವಕೀಲರೇ ಈಗ ನನಗೆ ಕೆಲಸ ಕಳುಹಿಸುತ್ತಾರೆ.