ಮಲೆನಾಡ ಮಳೆಗೆ ಕಳ್ಳಿ ಉಳಿಸಿಕೊಳ್ಳುವುದು ಹೇಗೆ?

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಮೊದಲ ಕಳ್ಳಿ ಗಿಡ (ಕ್ಯಾಕ್ಟಸ್) ಸತ್ತದ್ದು ಆಷಾಢದಲ್ಲಿ. ಮುಟ್ಟಿದರೆ ಬುಡ ಕಳಿತ ಬಾಳೆಹಣ್ಣಿನ ಹಾಗೆ ಮೆತ್ತಗೆ. ತಪ್ಪು ನನ್ನದೇ. ಕುಂಡಕ್ಕೆ ಅಂಗಳದ ಕೆಂಪು ಮಣ್ಣು ತುಂಬಿ ಸೂರಿನ ನೀರು ಬೀಳುವಲ್ಲೇ ಇಟ್ಟಿದ್ದೆ.

ಮರುಭೂಮಿಯ ಗಿಡದ ಬದುಕೇ ಬೇರೆ. ಕಳ್ಳಿ ಹಗಲೆಲ್ಲ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡಿದ್ದು, ರಾತ್ರಿ ತಂಪಾದ ಮೇಲೆ ತೆರೆಯುತ್ತದೆ. ಎಲೆಗಳೇ ಮುಳ್ಳಾಗಿವೆ. ಅಮೆರಿಕದ ಸೊನೋರಾ ಮರುಭೂಮಿಯ ಸಗುವಾರೊ ಕಳ್ಳಿಯಂತೂ ಮಳೆ ಬಂದರೆ ನೀರು ಕುಡಿದು ಉಬ್ಬುತ್ತದೆ. ಮರಕುಟಿಗ ಅದರಲ್ಲಿ ಪೊಟರೆ ಕೊರೆಯುತ್ತದೆ. ಅದು ಬಿಟ್ಟುಹೋದ ಮೇಲೆ ಪುಟಾಣಿ ಗೂಬೆ ಸಂಸಾರ ಹೂಡುತ್ತದೆ. ಬಾಡಿಗೆಯೂ ಇಲ್ಲ!

ಈಗ ನಾನು ಮಾಡುವುದು ಹೀಗೆ. ಮಣ್ಣಿನ ಕುಂಡದ ತೂತಿನ ಮೇಲೆ ಒಡೆದ ಹಂಚಿನ ಚೂರು ಇಡಿ. 2 ಪಾಲು ದಪ್ಪ ಮರಳು, 1 ಪಾಲು ಮಣ್ಣು, ಒಂದು ಹಿಡಿ ಹಳೇ ಗೊಬ್ಬರ ಸಾಕು. ಗಿಡ ಹಿಡಿಯಲು ಪೇಪರ್ ಮಡಚಿ ಸುತ್ತಿಕೊಳ್ಳಿ. ಮುಳ್ಳು ಚುಚ್ಚಿದರೆ ಎರಡು ದಿನ ಉರಿ, ಸುಮ್ನೆ ಹೇಳ್ತಿಲ್ಲ.

ಜೂನ್‌ ಬಂತೆಂದರೆ ಕುಂಡ ಜಗಲಿಗೆ, ಇರಚಲು ತಾಗದ ಆದರೆ ಬೆಳಕಿರುವ ಕಡೆ. ನೀರು ಹಾಕುವ ಮೊದಲು ಹಿಡಿಕಡ್ಡಿ ಚುಚ್ಚಿ ನೋಡಿ. ಮಣ್ಣು ಅಂಟಿ ಬಂದರೆ ಬೇಡವೇ ಬೇಡ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯೂ ಜಾಸ್ತಿಯೇ.

ಬುಡ ಕೊಳೆಯಲು ಶುರುವಾದರೆ ಗಟ್ಟಿ ಇರುವ ತುದಿ ಕತ್ತರಿಸಿ. ಗಾಯ ಪೂರ್ತಿ ಒಣಗಲಿ. ನಾನು ಒಲೆ ಹತ್ತಿರದ ಗೂಡಿನಲ್ಲಿ ಹತ್ತು ದಿನ ಇಟ್ಟು ಆಮೇಲೆ ನೆಟ್ಟಿದ್ದೆ. "ಮುಳ್ಳಿಗೂ ಬಾಣಂತನವಾ?" ಅಂತ ಅತ್ತೆ ನಕ್ಕರು.